ನಂಗೇನಾಗಿದೆ ಅಂತ?

ನಮ್ಮಜ್ಜ ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರಾಗಿದ್ದವರು. ಈಗ 79 ವರ್ಷ. ಕಳೆದ ವರ್ಷ ಯುಗಾದಿ ಹೊತ್ತಿಗೆ ಒಂದೇ ತಿಂಗಳ ಕರೆಂಟ್ ಬಿಲ್ಲನ್ನು ಎರಡು ಸಲ ಕಟ್ಟಿ ಬಂದರು. ಕೇಳಿದ್ದಕ್ಕೆ "ಒಂದು ಅಡ್ವಾನ್ಸು" ಅಂದರು. ನಾವೆಲ್ಲ ನಕ್ಕುಬಿಟ್ಟೆವು. ಆಮೇಲೊಂದು ದಿನ ದೇವರಾಜ ಮಾರ್ಕೆಟ್ಟಿಗೆ ಹೋದವರು ಮೂರು ಗಂಟೆ ತಡವಾಗಿ, ಪರಿಚಯದ ಆಟೋದವರ ಜೊತೆ ಬಂದರು. "ರಸ್ತೆ ಅಗೆದಿದ್ರು" ಅಂದರು. ಯಾವ ರಸ್ತೆಯನ್ನೂ ಅಗೆದಿರಲಿಲ್ಲ.

ಡಾಕ್ಟರ್ ಹತ್ರ ಹೋಗೋಣ ಅಂದರೆ ಒಂದೇ ಮಾತು: "ನಂಗೇನಾಗಿದೆ ಅಂತ? ಮರೆವು ನಿಮ್ಮಜ್ಜಿಗೆ."

ಆಗ ನಾನೊಂದು ತಪ್ಪು ಮಾಡಿದೆ. ಎಂಜಿನಿಯರ್ ಬುದ್ಧಿ ನೋಡಿ, ಪುರಾವೆ ತೋರಿಸಿದರೆ ಒಪ್ಪುತ್ತಾರೆ ಅಂದುಕೊಂಡೆ. ಎರಡು ಸಲ ಕಟ್ಟಿದ ಬಿಲ್ಲು, ಬ್ಯಾಂಕಿನಿಂದ ಮೇಲಿಂದ ಮೇಲೆ ತೆಗೆದ ದುಡ್ಡು, ಎಲ್ಲ ತಾರೀಖು ಹಾಕಿ ಪ್ರಿಂಟ್ ತೆಗೆದು ಮುಂದಿಟ್ಟೆ. ಅಜ್ಜ ಸುಮ್ಮನೆ ಓದಿದರು. ಆಮೇಲೆ ಪಾಸ್‌ಬುಕ್ ಎಲ್ಲೋ ಬಚ್ಚಿಟ್ಟು, ಎರಡು ದಿನ ಅಜ್ಜಿ ಜೊತೆ ಮಾತು ಬಿಟ್ಟರು. ನನ್ನ ಜೊತೆಯಲ್ಲ, ಅಜ್ಜಿ ಜೊತೆ!

ಕೊನೆಗೆ ಅಜ್ಜಿಯೇ ದಾರಿ ಕಂಡುಕೊಂಡರು. "ನಂಗೆ ಮಂಡಿನೋವು, ಒಬ್ಬಳೇ ಹೋಗಕ್ಕಾಗಲ್ಲ, ಜೊತೆಗೆ ಬನ್ನಿ" ಅಂದಿದ್ದೇ ತಡ, ಅಜ್ಜ ಇಸ್ತ್ರಿ ಶರ್ಟು ಹಾಕಿಕೊಂಡು ಹೊರಟರು. ಡಾಕ್ಟರು ಮೊದಲು ಬಿ12, ಥೈರಾಯ್ಡ್ ಪರೀಕ್ಷೆ ಬರೆದರು. ಅವು ಕಮ್ಮಿಯಿದ್ದರೂ ಮರೆವು ಬರುತ್ತದೆ, ಅದನ್ನು ಸರಿಮಾಡಬಹುದು. ನಮಗೆ ಆ ಅದೃಷ್ಟ ಇರಲಿಲ್ಲ. ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸುವ ಗಡಿಯಾರ ಬರೀರಿ ಅಂದಾಗ ಅಜ್ಜ ಅಂಕಿಗಳನ್ನೆಲ್ಲ ಒಂದೇ ಪಕ್ಕಕ್ಕೆ ತುಂಬಿ, "ಈ ಪೆನ್ನು ಸರಿಯಿಲ್ಲ" ಅಂದರು. ಜ್ಯಾಮಿತಿ ಪಾಠ ಮಾಡಿದ ಕೈ ಅದು. ಅಜ್ಜಿ ಕಿಟಕಿ ಕಡೆ ನೋಡುತ್ತಿದ್ದರು.

ಅವರದು ಹಟ ಅಲ್ಲ ಅಂತ ಡಾಕ್ಟರು ಬಿಡಿಸಿ ಹೇಳಿದರು. ಇದಕ್ಕೆ ಅನೊಸೊಗ್ನೋಸಿಯಾ ಅನ್ನುತ್ತಾರಂತೆ. ಬಾಬಿನ್ಸ್ಕಿ ಎಂಬ ಫ್ರೆಂಚ್ ನರವೈದ್ಯರು 1914ರಲ್ಲಿ ಕೊಟ್ಟ ಹೆಸರು. ಪಾರ್ಶ್ವವಾಯುವಿನಿಂದ ಒಂದು ಕಡೆ ಬಿದ್ದುಹೋಗಿದ್ದರೂ ಅದು ಗೊತ್ತೇ ಆಗದವರನ್ನು ಕಂಡು ಇಟ್ಟಿದ್ದು. ಡಿಮೆನ್ಶಿಯಾದಲ್ಲೂ ಹಾಗೇ, ತಪ್ಪನ್ನು ಗುರುತಿಸಬೇಕಾದ ಮೆದುಳಿಗೇ ಪೆಟ್ಟು ಬಿದ್ದಿರುತ್ತದೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಸರ್ವರ್ ಜೊತೆ ಮಾನಿಟರಿಂಗೂ ಬಿದ್ದುಹೋಗಿದೆ, ಸ್ಕ್ರೀನ್ ಮೇಲೆ ಎಲ್ಲ ಹಸಿರು. ಅಂಥವರ ಮುಂದೆ ನಾನು ಪ್ರಿಂಟೌಟ್ ಹಿಡಿದಿದ್ದೆ.

ಅಜ್ಜಿ ಈಗ ವಾದ ಮಾಡುವುದಿಲ್ಲ. ಮಾತ್ರೆ ಕೊಡುವಾಗ ತಮ್ಮ ಬಿಪಿ ಮಾತ್ರೆಯನ್ನೂ ತಂದು "ಇಬ್ರೂ ತಗೊಳ್ಳೋಣ" ಅನ್ನುತ್ತಾರೆ. ಸ್ಕೂಟರ್ ರಿಪೇರಿಗೆ ಹೋಗಿ ಐದು ತಿಂಗಳಾಯಿತು. ಅದು ನಮ್ಮ ಚಿಕ್ಕಪ್ಪನ ಮನೆಯಲ್ಲಿದೆ. ಈ ಸುಳ್ಳು ನನಗೆ ಇವತ್ತಿಗೂ ಗಂಟಲಲ್ಲಿ ಇಳಿಯುವುದಿಲ್ಲ. ಆದರೆ ಬೀದಿಯಲ್ಲಿ ಮಕ್ಕಳು ಆಡುತ್ತಿರುತ್ತಾರೆ.

ನನಗೆ ತಡವಾಗಿ ಕಂಡಿದ್ದು ಬೇರೆಯೇ. ರಾತ್ರಿ ಅಜ್ಜ ಬಾಗಿಲು ತೆಗೆದು ಹೋಗದಿರಲಿ ಅಂತ ಅಜ್ಜಿ ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡು ಮಲಗುತ್ತಿದ್ದರು. ನಿದ್ದೆಯಿಲ್ಲ, ರವಿಕೆಯೆಲ್ಲ ದೊಗಲೆಯಾಗಿತ್ತು. ಕೆಲಸಕ್ಕೆ ಯಾರನ್ನಾದರೂ ಇಡೋಣ ಅಂದರೆ, "ನಂಗೇನಾಗಿದೆ ಅಂತ? ನಾನೇ ನೋಡ್ಕೋತೀನಿ."

ಇಬ್ಬರದೂ ಒಂದೇ ಮಾತು.

ಟೆಲಿ ಮಾನಸ್‌ಗೆ, ಅಂದರೆ 14416ಕ್ಕೆ, ನಾನೇ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು, ಸ್ವಲ್ಪ ಹೊತ್ತಾದ ಮೇಲೆ ಅಜ್ಜಿಗೆ ಕೊಡಿ ಅಂದರು. ಅಜ್ಜಿ ಅಡುಗೆಮನೆ ಬಾಗಿಲು ಹಾಕಿಕೊಂಡು ಇಪ್ಪತ್ತು ನಿಮಿಷ ಒಳಗಿದ್ದರು. ಏನಂದ್ರು ಅಂತ ಕೇಳಿದೆ. "ಅವ್ರೇನೂ ಹೇಳ್ಲಿಲ್ಲ, ನಾನೇ ಹೇಳ್ದೆ" ಅಂದರು.

ಈಗ ಮಧ್ಯಾಹ್ನ ಒಬ್ಬರು ಬರುತ್ತಾರೆ. ಅಜ್ಜನ ಲೆಕ್ಕದಲ್ಲಿ ಅವರು ಅಜ್ಜಿಯ ಮಂಡಿಗೆ ಎಣ್ಣೆ ಹಚ್ಚಲು ಬರುವವರು. ರಜೆ ದಿನ ಆರನೇ ಕ್ಲಾಸಿನ ಮಗನನ್ನೂ ಕರೆತರುತ್ತಾರೆ, ಮೇಷ್ಟ್ರ ಹತ್ತಿರ ಮಗ್ಗಿ ಕಲಿಯಲಿ ಅಂತ. ಬೆಳಿಗ್ಗೆ ತಿಂಡಿ ತಿಂದದ್ದು ಮರೆಯುವ ಅಜ್ಜನಿಗೆ ಹತ್ತೊಂಬತ್ತರ ಮಗ್ಗಿ ಬಾಯಲ್ಲೇ ಇದೆ.

ಹೋದ ಭಾನುವಾರ ಹೋದಾಗ ಹಜಾರದಲ್ಲಿ ಮಗ್ಗಿ ಜೋರಾಗಿ ನಡೆದಿತ್ತು. ಅಜ್ಜಿ ಎಲ್ಲಿ ಅಂತ ಹುಡುಕಿದೆ. ರೂಮಿನಲ್ಲಿ ಗೊರಕೆ ಹೊಡೆಯುತ್ತಿದ್ದರು, ಮಧ್ಯಾಹ್ನ ಮೂರು ಗಂಟೆಗೆ. ಬೀಗದ ಕೈ ಮಾತ್ರ ಸೆರಗಿನಲ್ಲೇ ಇತ್ತು.