ಪಿ.ಯು.ಸಿ. ಫಲಿತಾಂಶಕ್ಕೆ ಕಾಯಬೇಡಿ



ಕಳೆದ ಏಪ್ರಿಲ್‌ನಲ್ಲಿ ಪಿ.ಯು.ಸಿ. ಫಲಿತಾಂಶ ಬಂದ ಸಂಜೆ ನಮ್ಮ ಇಬ್ರಾಹಿಂಪುರದ ಒಬ್ಬ ತಾಯಿ ಪೇಡೆಯ ಪೊಟ್ಟಣ ಹಿಡಿದು ಮನೆಗೆ ಬಂದರು. ಮಗಳು ಕಲಾ ವಿಭಾಗದಲ್ಲಿ ಶೇ. 90 ದಾಟಿದ್ದಳು. "ಆಪಾ, ಆಕಿನ್ನ ಬೆಂಗಳೂರಿನ ದೊಡ್ಡ ಲಾ ಕಾಲೇಜಿಗೆ ಹಾಕೂದೈತಿ. ಅರ್ಜಿ ಎಲ್ಲಿ ಸಿಗತಾವ ಹೇಳ್ರಿ" ಎಂದರು. ನಾನು ಪೇಡೆ ಕೈಯಲ್ಲೇ ಹಿಡಿದು ಕುಳಿತೆ. ಆ ಕಾಲೇಜಿನ ಪ್ರವೇಶ ಪರೀಕ್ಷೆ ಹಿಂದಿನ ಡಿಸೆಂಬರ್‌ನಲ್ಲೇ ಮುಗಿದು ಹೋಗಿತ್ತು. ವರ್ಷದ ಹಿಂದೆ ಆ ಹುಡುಗಿ ಬಂದು ಕೇಳಿದ್ದಾಗ "ಮೊದಲು ಪಿ.ಯು.ಸಿ. ಮುಗಿಸು ಬೇಟಿ, ಆಮೇಲೆ ನೋಡೋಣ" ಎಂದು ಕಳುಹಿಸಿದವಳು ನಾನೇ. ನನಗೆ ಗೊತ್ತಿದ್ದದ್ದು ಹಳೆಯ ಲೆಕ್ಕ. ಆ ತಪ್ಪು ಇನ್ನೊಂದು ಮನೆಯಲ್ಲಿ ಆಗದಿರಲಿ ಎಂದು ಈ ತಿಂಗಳು ಇದನ್ನೇ ಬರೆಯುತ್ತಿದ್ದೇನೆ.

ಬೆಂಗಳೂರಿನ ನಾಗರಭಾವಿಯಲ್ಲಿರುವ ನ್ಯಾಷನಲ್ ಲಾ ಸ್ಕೂಲ್ ಆರಂಭವಾದದ್ದು 1987ರಲ್ಲಿ. ಅಲ್ಲಿನ ಐದು ವರ್ಷದ ಬಿ.ಎ. ಎಲ್‌ಎಲ್.ಬಿ.ಗೆ ಸೇರಲು 'ಕ್ಲಾಟ್' ಎಂಬ ಅಖಿಲ ಭಾರತ ಪರೀಕ್ಷೆ ಬರೆಯಬೇಕು. ಹೈದರಾಬಾದಿನ ನಲ್ಸಾರ್ ಸೇರಿದಂತೆ ದೇಶದ ಇಪ್ಪತ್ತಕ್ಕೂ ಹೆಚ್ಚು ಕಾನೂನು ವಿಶ್ವವಿದ್ಯಾಲಯಗಳಿಗೆ ಇದೊಂದೇ ಪರೀಕ್ಷೆ. 2008ರಲ್ಲಿ ಶುರುವಾದ ಇದು ಮೊದಲು ಸಾಮಾನ್ಯವಾಗಿ ಬೇಸಿಗೆಯಲ್ಲಿ ನಡೆಯುತ್ತಿತ್ತು. 2022ರ ಡಿಸೆಂಬರ್‌ನಿಂದ ಡಿಸೆಂಬರ್‌ಗೆ ಬಂದಿದೆ. ಅಂದರೆ ಹುಡುಗಿ ದ್ವಿತೀಯ ಪಿ.ಯು.ಸಿ.ಯಲ್ಲಿ ಓದುತ್ತಿರುವಾಗಲೇ, ಬೋರ್ಡ್ ಪರೀಕ್ಷೆಗೆ ಮೊದಲೇ ಇದನ್ನು ಬರೆಯಬೇಕು. ಅರ್ಜಿ ಮಳೆಗಾಲದಲ್ಲೇ ತೆರೆಯುತ್ತದೆ. ಶುಲ್ಕ 4,000 ರೂಪಾಯಿ. ಪರಿಶಿಷ್ಟರಿಗೂ ಬಡತನ ರೇಖೆಗಿಂತ ಕೆಳಗಿನವರಿಗೂ 3,500.

ಪಿ.ಯು.ಸಿ.ಯಲ್ಲಿ ಶೇ. 45 ಬಂದರೆ ಸಾಕು. ಆ ಅಂಕಗಳು ರ‍್ಯಾಂಕಿಗೆ ಸೇರುವುದಿಲ್ಲ. ವಿಜ್ಞಾನವೇ ಆಗಬೇಕೆಂದಿಲ್ಲ. ಕಲಾ ವಿಭಾಗವೆಂದರೆ ಮೂಗು ಮುರಿಯುವ ನೆಂಟರಿಗೆ ಇದನ್ನು ತಿಳಿಸಿ. ವಯಸ್ಸಿನ ಮಿತಿಯೂ ಇಲ್ಲ.

ಆದರೆ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ. ಉರ್ದು ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳು ಎಡವುವುದು ಇಲ್ಲಿಯೇ. 120 ನಿಮಿಷದಲ್ಲಿ 120 ಪ್ರಶ್ನೆ. ನಾಲ್ಕು ತಪ್ಪಿದರೆ ಬಂದ ಅಂಕದಲ್ಲಿ ಒಂದು ಹೋಗುತ್ತದೆ. 2020ರಿಂದ ಬಿಡಿ ಪ್ರಶ್ನೆಗಳಿಲ್ಲ: ಸುಮಾರು 450 ಪದಗಳ ಒಂದು ಬರಹ ಕೊಡುತ್ತಾರೆ, ಅದನ್ನು ಓದಿ ಉತ್ತರಿಸಬೇಕು. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನಿನ ತರ್ಕ, ಸಾಮಾನ್ಯ ತರ್ಕ, ಹತ್ತನೆಯ ತರಗತಿ ಮಟ್ಟದ ಸ್ವಲ್ಪ ಗಣಿತ, ಎಲ್ಲವೂ ಹೀಗೆಯೇ.

ಹಳೆಯ ಪ್ರಶ್ನೆಪತ್ರಿಕೆಯನ್ನು ಮೊದಲ ಸಲ ಓದಿದಾಗ ನನಗೆ ನಮ್ಮ ಮದ್ರಸದ ದರ್ಸ್ ನೆನಪಾಯಿತು. ಉಸ್ತಾದ್‌ರು ಇಬಾರತ್ ಓದಿಸಿ, ಈ 'ಅವನು' ಯಾರಿಗೆ ಸಲ್ಲುತ್ತದೆ, ಈ 'ಆದರೆ' ಏಕೆ ಬಂತು ಎಂದು ಒಂದೊಂದು ಪದಕ್ಕೂ ನಿಲ್ಲಿಸುತ್ತಿದ್ದರು. ಇಲ್ಲಿ ಬೇಕಾದದ್ದು ಅದೇ ಅಭ್ಯಾಸ. ಕಾನೂನಿನ ಪ್ರಶ್ನೆಗಳಂತೂ ಕಿಯಾಸ್‌ನ ತಂಗಿಯಂತಿವೆ: ಒಂದು ನಿಯಮ, ಒಂದು ಹೊಸ ಘಟನೆ, ನಿಯಮ ಅದಕ್ಕೆ ತಗಲುತ್ತದೆಯೇ ಇಲ್ಲವೇ. ನಾನೇ ಮಾಡಿದ ಒಂದು ಉದಾಹರಣೆ ಕೊಡುತ್ತೇನೆ. ಅನುಮತಿಯಿಲ್ಲದೆ ಇನ್ನೊಬ್ಬರ ಜಾಗಕ್ಕೆ ಕಾಲಿಟ್ಟವನು ತಪ್ಪಿತಸ್ಥ, ಆದರೆ ಮನುಷ್ಯನ ಜೀವ ಉಳಿಸಲು ಹೋದವನು ಅಲ್ಲ ಎಂಬುದು ನಿಯಮ. ಪಕ್ಕದ ಮನೆಯ ಹೌದಿನಲ್ಲಿ ಬಿದ್ದ ಆಡನ್ನು ಎತ್ತಲು ಗೋಡೆ ಹಾರಿದವನ ಗತಿಯೇನು? ನಮ್ಮ ಹುಡುಗಿಯರು ಥಟ್ಟನೆ "ಪಾಪ, ಒಳ್ಳೆಯ ಕೆಲಸ ಮಾಡಿದ" ಎನ್ನುತ್ತಾರೆ. ಉತ್ತರ ತಪ್ಪು. ನಿಯಮದಲ್ಲಿ 'ಮನುಷ್ಯನ' ಎಂದಿದೆ. ಕಾನೂನು ಮೊದಲೇ ಓದಿರಬೇಕಿಲ್ಲ, ಕೊಟ್ಟ ನಿಯಮದ ಪದಗಳನ್ನು ಬಿಡದೆ ಹಿಡಿದರೆ ಆಯಿತು.

ಇದು ಮೂರು ತಿಂಗಳಲ್ಲಿ ಬರುವ ವಿದ್ಯೆಯಲ್ಲ. ಎಸ್.ಎಸ್.ಎಲ್.ಸಿ. ಮುಗಿದ ರಜೆಯಿಂದಲೇ ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯ ಓದಿಸಿ. ಓದಿದ ಮೇಲೆ ಅದರ ಸಾರವನ್ನು ಮನೆಮಾತಿನಲ್ಲಿ ನಿಮಗೆ ಹೇಳಲಿ. ನಿಮಗೆ ಇಂಗ್ಲಿಷ್ ಬಾರದಿದ್ದರೂ, ಆಕೆಗೆ ಅರ್ಥವಾಗಿದೆಯೋ ಇಲ್ಲವೋ ಎಂಬುದು ಎರಡು ಮಾತಿನಲ್ಲಿ ತಿಳಿದುಹೋಗುತ್ತದೆ. ಹಳೆಯ ಪ್ರಶ್ನೆಪತ್ರಿಕೆಗಳು ಕ್ಲಾಟ್‌ನ ಅಧಿಕೃತ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಗಡಿಯಾರ ಇಟ್ಟುಕೊಂಡು ಬಿಡಿಸಲಿ.

ಓದಲು ಸಮಯವೆಲ್ಲಿದೆ ಎಂಬುದು ಇನ್ನೊಂದು ಪ್ರಶ್ನೆ. ಮಗ್ರಿಬ್ ಆಗುತ್ತಲೇ ಮಗ ಟ್ಯೂಷನ್‌ಗೆ ಹೋಗುತ್ತಾನೆ, ಮಗಳು ರೊಟ್ಟಿ ಬಡಿಯಲು ಕೂರುತ್ತಾಳೆ. ನಮ್ಮ ಮನೆಯಲ್ಲೂ ಹಾಗೆಯೇ ಇತ್ತು, ಇಲ್ಲವೆನ್ನಲಾರೆ. ಆ ಒಂದೂವರೆ ತಾಸನ್ನು ಆಕೆಗೆ ಬಿಟ್ಟುಕೊಡಿ. ಖೌಲಾ(ರ) ತನ್ನ ಅಹವಾಲನ್ನು ಪ್ರವಾದಿವರ್ಯರ(ಸ) ಮುಂದೆ ವಾದಿಸಿದಾಗ ಅಲ್ಲಾಹನು ಅದನ್ನು ಆಲಿಸಿದ ಪ್ರಸಂಗದಿಂದಲೇ ಸೂರಃ ಅಲ್‌ಮುಜಾದಲಃ ಆರಂಭವಾಗುತ್ತದೆ. ನಮ್ಮ ದೇಶದ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಾಧೀಶೆ, 1989ರಲ್ಲಿ ನೇಮಕಗೊಂಡ ಎಂ. ಫಾತಿಮಾ ಬೀವಿ, ಕೇರಳದ ಮುಸ್ಲಿಮ್ ಮನೆತನದವರು.

ಇನ್ನು ಕಾಗದಪತ್ರ. ಕರ್ನಾಟಕದಲ್ಲಿ ಕನಿಷ್ಠ 10 ವರ್ಷ ಓದಿದವರಿಗೆ ಬೆಂಗಳೂರಿನ ಲಾ ಸ್ಕೂಲಿನಲ್ಲಿ ಶೇ. 25ರ ಮೀಸಲಾತಿ ಇದೆ. ಅರ್ಜಿಯಲ್ಲೇ ಅದನ್ನು ಕೇಳಿಕೊಳ್ಳಬೇಕು, ಶಾಲೆಗಳಿಂದ ವ್ಯಾಸಂಗ ಪ್ರಮಾಣಪತ್ರ ತೆಗೆಸಿಡಬೇಕು. ನಮ್ಮ ಕಡೆ ಎಷ್ಟೋ ಮಕ್ಕಳು ಸೊಲ್ಲಾಪುರದ ನಾನಿಯ ಮನೆಯಲ್ಲಿ ನಾಲ್ಕಾರು ವರ್ಷ ಓದಿರುತ್ತಾರೆ. ಅಂಥವರು ಕೂತು ಎಣಿಸಿ ನೋಡಿ. ರಾಜ್ಯದ 2ಬಿ ಪ್ರಮಾಣಪತ್ರ ಇದೆಯೆಂದು ನಿಶ್ಚಿಂತೆಯಿಂದಲೂ ಇರಬೇಡಿ. ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿ ಬೇರೆ. ಕರ್ನಾಟಕದ ಶೇಖ್, ಸಯ್ಯದ್, ಪಠಾಣ್ ಮುಂತಾದವರು ಅದರಲ್ಲಿಲ್ಲ. ಆ ಮನೆಯವರು ಆರ್ಥಿಕವಾಗಿ ದುರ್ಬಲ ವರ್ಗದ ಪ್ರಮಾಣಪತ್ರಕ್ಕೆ ಅರ್ಹರೇ ಎಂದು ತಹಸೀಲ್ದಾರ್ ಕಚೇರಿಯಲ್ಲಿ ಮುಂಚೆಯೇ ವಿಚಾರಿಸಲಿ.

ಲಾ ಸ್ಕೂಲಿನ ಖರ್ಚು ಹಾಸ್ಟೆಲ್ ಸೇರಿ ವರ್ಷಕ್ಕೆ ಮೂರು ಲಕ್ಷ ಮೀರುತ್ತದೆ. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಬಡ ಮಕ್ಕಳಿಗೆ ಅಲ್ಲಿಯೇ ಆರ್ಥಿಕ ನೆರವು ಉಂಟು. 'ಐಡಿಯಾ' ಎಂಬ ಸಂಸ್ಥೆಯೂ ಇದೆ. ಅದನ್ನು 2010ರಲ್ಲಿ ಕಟ್ಟಿದವರು ಅದೇ ಲಾ ಸ್ಕೂಲಿನಲ್ಲಿ ಓದಿದ್ದ ಕೇರಳದ ಪ್ರೊ. ಶಮ್ನಾದ್ ಬಶೀರ್. ಬಡ, ಹಿಂದುಳಿದ ಮನೆಗಳ ಪ್ರತಿಭಾವಂತ ಮಕ್ಕಳನ್ನು ಹುಡುಕಿ, ಕ್ಲಾಟ್‌ಗೆ ತರಬೇತಿ ಕೊಟ್ಟು, ಸೀಟು ಸಿಕ್ಕ ಮೇಲೂ ಕೈಬಿಡದೆ ನೋಡಿಕೊಳ್ಳುವುದು ಅದರ ಕೆಲಸ. ಬಶೀರ್‌ರು 2019ರಲ್ಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿ, 43ರ ವಯಸ್ಸಿನಲ್ಲಿ ತೀರಿಕೊಂಡರು. ಅಲ್ಲಾಹನು ಅವರಿಗೆ ಮಗ್‌ಫಿರತ್ ನೀಡಲಿ. ಸಂಸ್ಥೆ ಇನ್ನೂ ನಡೆಯುತ್ತಿದೆ.

ಆ ಹುಡುಗಿ ಈಗ ಇಲ್ಲಿಯೇ ಬಿ.ಎ.ಗೆ ಸೇರಿದ್ದಾಳೆ. ಮಗ್ರಿಬ್ ನಮಾಜ್ ಆದ ಮೇಲೆ ಪತ್ರಿಕೆ ಹಿಡಿದು ನಮ್ಮ ಮನೆಗೆ ಬರುತ್ತಾಳೆ. ಅತ್ತ ರೊಟ್ಟಿ ಬಡಿಯುವುದು ತಾಯಿಯ ಪಾಲಿಗೆ. ಮೊದಲ ವಾರ ಒಂದು ಬರಹಕ್ಕೆ ಅರ್ಧ ತಾಸು ಬೇಕಾಗಿತ್ತು, ಈಗ ಹತ್ತು ನಿಮಿಷಕ್ಕೆ ಬಂದಿದ್ದಾಳೆ. ಆಡಿನ ಪ್ರಶ್ನೆಗೆ ಮಾತ್ರ ಇನ್ನೂ ನನ್ನೊಡನೆ ಜಗಳವಾಡುತ್ತಾಳೆ. ಈ ಡಿಸೆಂಬರ್‌ನಲ್ಲಿ ಬರೆಯುತ್ತಾಳೆ, ಇನ್ಶಾ ಅಲ್ಲಾಹ್. ಆಕೆಗಾಗಿ ದುಆ ಮಾಡಿ.