ಡಬ್ಬಿ ತಡೆಯುವುದು ಮಳೆಯನ್ನು, ಬಿಸಿಲನ್ನಲ್ಲ

ಮನೆಯೊಳಗಿನ ಅಗ್ಗದ ಕ್ಯಾಮೆರಾವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಸುತ್ತ ಸಿಲಿಕೋನ್ ಬಳಿದು ಬೀದಿಗೆ ಹಾಕಿದರೆ ಸಾಕೆಂದು ಮೊನ್ನೆಯ ಲೇಖನ ಹೇಳಿತು. ಬರೆದವರು ಮೇ ತಿಂಗಳಲ್ಲಿ ಕಲಬುರಗಿಯ ಮೋಮಿನಪುರಕ್ಕೆ ಬಂದು ನೋಡಲಿ. ನೆರಳಲ್ಲೇ 42 ಡಿಗ್ರಿ ದಾಟುವ ದಿನಗಳಿವೆ. ಇಂಥ ಎಷ್ಟೋ ಕ್ಯಾಮೆರಾಗಳಿಗೆ ತಯಾರಕರು ಹೇಳುವ ಮಿತಿಯೇ 40ರ ಆಸುಪಾಸು. ಗಾಳಿಯಾಡದ ಡಬ್ಬಿ, ಮೇಲೆ ಇಳಿಹೊತ್ತಿನ ಬಿಸಿಲು, ಒಳಗೆ ಯಂತ್ರದ್ದೇ ಕಾವು. ಮಳೆಗಾಲ ಬರುವ ಮೊದಲೇ ಅದು ಬೆಂದಿರುತ್ತದೆ.

ರಾತ್ರಿಯ ಮಾತಂತೂ ಲೇಖನದಲ್ಲಿ ಇಲ್ಲವೇ ಇಲ್ಲ. ಕತ್ತಲಲ್ಲಿ ಕ್ಯಾಮೆರಾ ಬೀರುವ ಅವಗೆಂಪು ಬೆಳಕು ಎದುರಿನ ಪ್ಲಾಸ್ಟಿಕ್ಕಿಗೆ ಬಡಿದು ಲೆನ್ಸಿಗೇ ಮರಳುತ್ತದೆ. ಪರದೆಯ ಮೇಲೆ ಬರೀ ಬಿಳಿ ಮಂಜು. ಕಳ್ಳ ಬರುವುದು ಯಾವ ಹೊತ್ತಿಗೆ, ಸ್ವಾಮಿ?

ಕೈಯಲ್ಲಿ ಹಣವಿದ್ದರೆ ಐಪಿ66 ಗುರುತಿನದನ್ನೇ ಕೊಳ್ಳಿ: ಮೊದಲ 6 ಧೂಳಿಗೆ, ಎರಡನೆಯದು ರಭಸದ ನೀರಿಗೆ. ಇಲ್ಲವೇ, ಇರುವುದನ್ನೇ ಬಿಸಿಲು, ಇರಚಲು ತಾಗದ ಸೂರಿನಡಿ ಡಬ್ಬಿಯಿಲ್ಲದೆ ಹಾಕಿ. ಓಣಿ ಕಿರಿದು, ಕ್ಯಾಮೆರಾದ ಕಣ್ಣು ಎದುರುಮನೆಯೊಳಗೆ ಇಣುಕದಿರಲಿ. ಅಡಾಪ್ಟರ್ ಮನೆಯೊಳಗೇ ಇರಲಿ. ತಂತಿ ಗೋಡೆಯ ತೂತಿಗೆ ಹೋಗುವ ಮುನ್ನ ಅದನ್ನು ಒಮ್ಮೆ ಕೆಳಕ್ಕೆ ಬಾಗಿಸಿ, ಹರಿದು ಬಂದ ನೀರು ಅಲ್ಲೇ ತೊಟ್ಟಿಕ್ಕುತ್ತದೆ.