‘ನಿಲ್ಲು’ ಎಂಬ ಮಾತಾದರೂ ಮಗುವಿಗೆ ತಿಳಿಯಬೇಡವೇ?

ಹೆತ್ತವರೇ,

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಿದಾಗ ನಾವು ಬೀದಿಗಿಳಿದಿದ್ದೇವೆ. ಪಾಠ ಅರ್ಥವಾಗದು, ಅಂಕ ಕಡಿಮೆಯಾದೀತು ಎಂಬುದು ನಮ್ಮ ಅಳಲು. ಆದರೆ ಅಂಕವಲ್ಲ, ಪ್ರಾಣವೇ ಹೋಗಬಹುದಾದ ಮಕ್ಕಳ ಬಗ್ಗೆ ನಾವು ತುಟಿ ಬಿಚ್ಚಿದ್ದು ಕಡಿಮೆ. ಆಟಿಸಂ ಇರುವ ಮಕ್ಕಳ ಮಾತು ಇದು.

ಇವರಲ್ಲಿ ಹಲವರು ಹೇಳದೆ ಕೇಳದೆ ಮನೆಯಿಂದ, ತರಗತಿಯಿಂದ ಹೊರಟುಬಿಡುತ್ತಾರೆ. ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಾಲ್ಕು ವರ್ಷ ದಾಟಿದ ಮೇಲೂ ಒಮ್ಮೆಯಾದರೂ ಹೀಗೆ ಹೋಗಲು ಯತ್ನಿಸಿದವರು ಶೇ. 49. ಈ ಮಕ್ಕಳು ನೀರಿನಲ್ಲಿ ಮುಳುಗಿ ಸಾಯುವ ಸಂಭವ ಇತರ ಮಕ್ಕಳಿಗಿಂತ 160 ಪಟ್ಟು ಎಂದು ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ ಮರಣ ದಾಖಲೆಗಳಿಂದ 2017ರಲ್ಲಿ ಲೆಕ್ಕ ಹಾಕಿದರು. ಅನೇಕರಿಗೆ ನೀರೆಂದರೆ ಸೆಳೆತ. ಅಪಾಯದ ಅರಿವು ಕಡಿಮೆ. ಇನ್ನು ನಮ್ಮ ಊರು ನೋಡಿ: ಅಂಗಳದಲ್ಲಿ ಬಾವಿ, ತೋಟದಲ್ಲಿ ಕೆರೆ, ಮಳೆಗಾಲದಲ್ಲಿ ಉಕ್ಕುವ ತೋಡು.

ಇಂಥ ಮಗುವಿಗೆ ‘ನಿಲ್ಲು’, ‘ಬಾ’ ಎಂಬುದನ್ನು ಮನೆಯಲ್ಲೂ ಶಾಲೆಯಲ್ಲೂ ಒಂದೇ ಪದದಲ್ಲಿ ನೂರು ಸಲ ಕಲಿಸಬೇಕು. ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ಬಳಸುವುದೇ ಇವರಿಗೆ ಕಷ್ಟ. ಮನೆಯಲ್ಲಿ ಅಮ್ಮ ಕನ್ನಡದಲ್ಲಿ ಹೇಳಿ, ತರಬೇತಿ ಕೊಡುವವರು ಮಲಯಾಳದಲ್ಲಿ ಹೇಳಿದರೆ, ಕೆರೆಯ ದಂಡೆಯಲ್ಲಿ ಯಾವ ಪದ ಆ ಪುಟ್ಟ ಕಾಲನ್ನು ತಡೆದೀತು? ತಾಳವಾಡಿಯವರು ಮಲಯಾಳದ ಜಾಗದಲ್ಲಿ ತಮಿಳು ಎಂದೂ ಅಕ್ಕಲಕೋಟೆಯವರು ಮರಾಠಿ ಎಂದೂ ಓದಿಕೊಳ್ಳಿ.

‘ಹಾಗಾದರೆ ಮನೆಯಲ್ಲಿ ಕನ್ನಡ ಬಿಡಿ’ ಎಂಬ ಉಪದೇಶ ಸಿದ್ಧವಾಗಿಯೇ ಇರುತ್ತದೆ. ನಂಬಬೇಡಿ. ಎರಡು ಭಾಷೆ ಕೇಳಿ ಬೆಳೆದರೆ ಆಟಿಸಂ ಇರುವ ಮಗುವಿನ ಮಾತು ಹಿಂದೆ ಬೀಳುತ್ತದೆ ಎಂಬುದಕ್ಕೆ ಸಂಶೋಧನೆಗಳಲ್ಲಿ ಆಧಾರ ಸಿಕ್ಕಿಲ್ಲ. ಗಾಬರಿಯಲ್ಲಿ ತಾಯಿಯ ಬಾಯಿಗೆ ಬರುವುದು ಅವಳ ಭಾಷೆಯೇ.

ನಾವು ಬೇಡುತ್ತಿರುವುದು ಭಿಕ್ಷೆಯಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಲಭ್ಯ ಒದಗಿಸಬೇಕೆಂದು 1956ರಲ್ಲಿ ಸೇರಿದ ಸಂವಿಧಾನದ 350ಎ ವಿಧಿ ಹೇಳುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು ತನ್ನ ಪಟ್ಟಿಗೆ ಸೇರಿಸಿದೆ. ಭಾಷೆಗೊಂದು ಕಡತ, ಅಂಗವೈಕಲ್ಯಕ್ಕೊಂದು ಕಡತ; ನಮ್ಮ ಮಗು ಎರಡರ ನಡುವೆ ಕಳೆದುಹೋಗಬಾರದು.

ಆದ್ದರಿಂದ ಮುಂದಿನ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಎದ್ದು ನಿಂತು ಕೇಳಿ: ಕನ್ನಡ ಶಾಲೆಗೆ ಬರುವ ವಿಶೇಷ ಅಧ್ಯಾಪಕರಿಗೆ ಕನ್ನಡ ಬರಲೇಬೇಕು. ಶಾಲೆಯ ಬಾವಿಗೆ ಕಟ್ಟೆಯೂ ಬಲೆಯೂ, ಗೇಟಿಗೆ ಚಿಲಕವೂ ಬೇಕು. ಮಗು ಕಾಣದಿದ್ದರೆ ಮೊದಲು ಹತ್ತಿರದ ನೀರಿನ ಕಡೆಗೆ ಓಡಬೇಕೆಂಬುದು ಎಲ್ಲ ಸಿಬ್ಬಂದಿಗೂ ತಿಳಿದಿರಬೇಕು. ಸಭೆಯ ನಿರ್ಣಯವನ್ನು ಬರೆಸಿ, ಸಹಿ ಹಾಕಿಸಿ, ಪ್ರತಿಯನ್ನು ಇಟ್ಟುಕೊಳ್ಳಿ.

ನಿಮ್ಮ ಮಗುವಿಗೆ ಆಟಿಸಂ ಇಲ್ಲದಿರಬಹುದು. ಅದೇ ಬೆಂಚಿನಲ್ಲಿ ಕುಳಿತ ಮಗುವಿಗಾಗಿ ಕೇಳಿ.